ಕತ್ತರಿ ಹಿಡಿಯುವ ಮಾಸ

ಮಳೆ ಹಿಂದೆಗೆದು ಆಶ್ವಯುಜ ಕಾಲಿಟ್ಟಿತೆಂದರೆ ಬೆಂಗಳೂರಿನ ನಮ್ಮ ಬಡಾವಣೆಯ ಗುಲಾಬಿ ಬೆಳೆಗಾರರ ಕೂಟಕ್ಕೆ ಬಿಡುವಿರದು. ಭಾನುವಾರಗಳಂದು ಒಬ್ಬೊಬ್ಬ ಸದಸ್ಯರ ಅಂಗಳದಲ್ಲಿ ಸೇರಿ ಗಿಡ ಸವರುವುದು ವಾಡಿಕೆ. ಒಣಗಿದ ರೆಂಬೆಗಳನ್ನು ಮೊದಲು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನಿಂದ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಿ, ಗಾಯಕ್ಕೆ ಸುಣ್ಣ ಮತ್ತು ಮೈಲುತುತ್ತದ ಲೇಪ ಬಳಿಯುತ್ತೇವೆ. ಆರೇಳು ವಾರಗಳಿಗೆ ಹೂ.

ಕಳೆದ ವರ್ಷ ನಮ್ಮ ಮನೆಯ ಸರದಿ. ದಿವಂಗತ ಅತ್ತೆಯವರು ನೆಟ್ಟ ಗಿಡ ತುದಿಯಿಂದ ಒಣಗುತ್ತ ಬಂದು, ಒಂದೇ ಹಸಿರು ಕಡ್ಡಿ ಉಳಿದಿತ್ತು. ನನಗೆ ಕೈಯೇಳಲಿಲ್ಲ.

“ತಿರುಳು ಬೆಳ್ಳಗೆ ಕಾಣುವವರೆಗೂ ಕತ್ತರಿಸಿ ತಾಯಿ, ಇಲ್ಲದಿದ್ದರೆ ಇದೂ ಉಳಿಯದು” ಎಂದರು ಕೂಟದ ಹಿರಿಯರೊಬ್ಬರು. ನಮ್ಮ ಯಜಮಾನರು ಮಾತನಾಡದೆ ಕತ್ತರಿ ತೆಗೆದುಕೊಂಡು ತಾವೇ ಸವರಿದರು. ಗೇಣುದ್ದದ ಮೋಟು ಉಳಿಯಿತು.

ಇಪ್ಪತ್ತನೆಯ ದಿನ ಎರಡು ಕೆಂಪು ಚಿಗುರು ಕಂಡವು. ಹೂ ಮಾತ್ರ ತಡವಾಗಿ ಸಂಕ್ರಾಂತಿಗೆ ಬಂದಿತು, ಅದೂ ಒಂದೇ.