ಯಶವಂತಪುರದ ಕತ್ತಲೆ ಕೋಣೆ

ಯಶವಂತಪುರ ಎಂದರೆ ನಿಮಗೇನು ನೆನಪಾಗುತ್ತದೆ? ರೈಲು ಹಿಡಿಯುವ ಗಡಿಬಿಡಿ, ಎಪಿಎಂಸಿ ಯಾರ್ಡಿನ ಈರುಳ್ಳಿ ಮೂಟೆಗಳು, ಸೋಪ್ ಫ್ಯಾಕ್ಟರಿ ಕಡೆಯಿಂದ ತೇಲಿ ಬರುವ ಗಂಧದ ಪರಿಮಳ. ನನಗೆ ಮಾತ್ರ ಈಗ ಒಂದು ಕೆಂಪು ಬಲ್ಬು ನೆನಪಾಗುತ್ತದೆ.

2014ರಲ್ಲಿ ಮೆಟ್ರೋ ಬಂದ ಮೇಲೆ ಇಲ್ಲಿಗೆ ಹೋಗುವುದು ಸುಲಭ. ನಿಲ್ದಾಣದಲ್ಲಿ ಇಳಿದು, ತುಮಕೂರು ರಸ್ತೆಯ ಗದ್ದಲ ಬಿಟ್ಟು ಹಳೆಯ ಮಾರ್ಕೆಟ್ ಕಡೆ ನಡೆಯಿರಿ. ಹೂವು, ತರಕಾರಿ, ಪಾತ್ರೆ ಅಂಗಡಿಗಳ ಸಾಲಿನಲ್ಲಿ ಒಂದು ಕಾಲಕ್ಕೆ ಫೋಟೋ ಸ್ಟುಡಿಯೋ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ. ಹಿಂಬದಿಯಲ್ಲಿ ಬಚ್ಚಲುಮನೆಯಷ್ಟೇ ಅಗಲದ ಕೋಣೆಯೊಂದನ್ನು ಮಾತ್ರ ಸ್ಟುಡಿಯೋದವರ ಮಗ ಹಾಗೆಯೇ ಉಳಿಸಿಕೊಂಡಿದ್ದಾರೆ.

ನಾನು ಹೋದದ್ದು ನಾನಿಯ ಫೋಟೋ ಹುಡುಕಿಕೊಂಡು. ನಾನಿ ಜೀವಮಾನದಲ್ಲಿ ಒಂದೇ ಸಲ ಕ್ಯಾಮೆರಾದ ಮುಂದೆ ಕುಳಿತವರು. 1979ರಲ್ಲಿ, ಸೌದಿಯಲ್ಲಿದ್ದ ಮಾಮೂನನ್ನು ನೋಡಲು ಪಾಸ್‌ಪೋರ್ಟ್ ಬೇಕಾದಾಗ. ಮನೆ ಬದಲಾಯಿಸುವಾಗ ಆ ಪಾಸ್‌ಪೋರ್ಟ್ ಕಳೆದುಹೋಯಿತು. ಗೋಡೆಗೆ ಫೋಟೋ ತೂಗುಹಾಕುವ ರೂಢಿ ನಮ್ಮಲ್ಲಿಲ್ಲ. ಇನ್ನೊಂದು ಪ್ರತಿ ಯಾರಲ್ಲೂ ಇರಲಿಲ್ಲ. ಅಮ್ಮಿಗೆ ಈಗ ಎಪ್ಪತ್ತು ದಾಟಿದೆ. ಒಂದು ಸಂಜೆ ಚಹಾ ಸೋಸುತ್ತಾ, "ಅಮ್ಮಾನ ದನಿ ನೆನಪಿದೆ ಬೇಟಿ, ಮುಖ ಮಾತ್ರ ಬರುತ್ತಾ ಇಲ್ಲ" ಎಂದರು. ಅದೇ ವಾರ ಹೊರಟೆ.

"ಸರಿಯಾದ ಸಮಯಕ್ಕೆ ಬಂದಿರಿ ಅಕ್ಕಾ" ಎಂದರು ಅವರು. ಹಳೆಯ ಫಿಲಂ ಕೊಳ್ಳುವವರು ಎರಡು ಸಲ ಬಂದು ಹೋಗಿದ್ದರಂತೆ. ಕಪ್ಪು ಬಿಳುಪು ನೆಗೆಟಿವಿನ ಚಿತ್ರವೆಂದರೆ ಬೆಳ್ಳಿಯ ಸಣ್ಣ ಸಣ್ಣ ಕಣಗಳು. ಅದನ್ನು ತೆಗೆದು ಮಾರುವವರಿದ್ದಾರೆ. ಮೂರು ನಾಲ್ಕು ದಶಕಗಳ ಯಶವಂತಪುರದವರ ಮುಖಗಳು ತೂಕಕ್ಕೆ ಹೋಗುವುದರಲ್ಲಿದ್ದವು!

ರಿಜಿಸ್ಟರಿನಲ್ಲಿ ನಾನಿಯ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ನಾನಾರ ಹೆಸರು ಸಿಕ್ಕಿತು. ಪಕ್ಕದಲ್ಲಿ "ಮನೆಯವರು, ಪಾಸ್‌ಪೋರ್ಟ್, 6 ಕಾಪಿ" ಎಂದಿತ್ತು. ಅಷ್ಟೇ. ನೀವು ಹುಡುಕುವುದಾದರೆ ಇದನ್ನು ನೆನಪಿಡಿ, ಗಂಡನ ಹೆಸರಿನಲ್ಲಿ ನೋಡಿ.

ಬಿಸ್ಕತ್ತಿನ ಡಬ್ಬಿಯಿಂದ ಆ ನಂಬರಿನ ಕವರು ತೆಗೆದರು. ಬೆಳಕಿಗೆ ಹಿಡಿದರೆ ಬಿಳಿ ಸೆರಗು, ಕಪ್ಪು ಮುಖ, ಗುರುತೇ ಸಿಗದು. ಬಾಗಿಲು ಮುಚ್ಚಿ ಕೆಂಪು ಬಲ್ಬು ಹಾಕಿದರು. ಪ್ರಿಂಟ್ ಹಾಕುವ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ. ಮೊದಲು ಇಂಥ ಸಾಮಾನೆಲ್ಲ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್‌ನಿಂದ 'ಇಂದು' ಹೆಸರಿನಲ್ಲಿ ಬರುತ್ತಿತ್ತು. 1960ರಲ್ಲಿ ಆರಂಭವಾದ ಆ ಸರಕಾರಿ ಕಾರ್ಖಾನೆ ಮುಚ್ಚಿಹೋಗಿದೆ. ಇವರು ವಿದೇಶದ ಕಾಗದ ತರಿಸುತ್ತಾರೆ, ಆದ್ದರಿಂದ ಒಂದು ಹಾಳೆಯೂ ವ್ಯರ್ಥವಾಗಬಾರದು.

ಕತ್ತಲೆಯಲ್ಲಿ ನಿಂತಾಗ ಇಬ್ನುಲ್ ಹೈಸಮ್ ನೆನಪಾದರು. 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬದುಕಿದ ವಿದ್ವಾಂಸರು. ಕತ್ತಲೆ ಕೋಣೆಯ ಸಣ್ಣ ತೂತಿನಿಂದ ಬೆಳಕು ಬಿಟ್ಟು, ಅದು ನೇರ ಗೆರೆಯಲ್ಲಿ ಸಾಗುವುದನ್ನು ಪರೀಕ್ಷಿಸಿ 'ಕಿತಾಬುಲ್ ಮನಾಝಿರ್'ನಲ್ಲಿ ಬರೆದಿಟ್ಟರು. ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಎನ್‌ಲಾರ್ಜರಿನಲ್ಲಿ ನೆಗೆಟಿವ್ ಇಟ್ಟು, ಮೊದಲು ಕಾಗದದ ಒಂದು ಪಟ್ಟಿಯ ಮೇಲೆ ಎಷ್ಟು ಸೆಕೆಂಡು ಬೆಳಕು ಸಾಕೆಂದು ನೋಡಿಕೊಂಡರು. ಆಮೇಲೆ ಪೂರ್ತಿ ಹಾಳೆ. ಮುಖ ತೀರಾ ಕಪ್ಪಾಗದಿರಲೆಂದು ತಂತಿಗೆ ಸಿಕ್ಕಿಸಿದ ರಟ್ಟಿನ ತುಂಡನ್ನು ಬೆಳಕಿಗೆ ಅಡ್ಡ ಹಿಡಿದು ಆಡಿಸಿದರು. ಖಾಲಿ ಕಾಣುವ ಹಾಳೆಯನ್ನು ಡೆವಲಪರ್ ಟ್ರೇಗೆ ಹಾಕಿ, ಟ್ರೇಯ ಒಂದು ಅಂಚನ್ನು ಮೆಲ್ಲನೆ ಎತ್ತಿ ಇಳಿಸುತ್ತಾ ಎಣಿಸತೊಡಗಿದರು. ಇಪ್ಪತ್ತರ ಹೊತ್ತಿಗೆ ಕಪ್ಪು ಸೆರಗಿನ ಅಂಚು ಮೂಡಿತು. ಆಮೇಲೆ ಹುಬ್ಬು. ಆಮೇಲೆ ಕಣ್ಣು, ನೇರವಾಗಿ ನನ್ನತ್ತಲೇ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಅವರ ಗಮನ ಕೆಲಸದಲ್ಲಿತ್ತು. ಹುಳಿ ನೀರಿನಲ್ಲಿ ಅದ್ದಿ, ಹೈಪೋದಲ್ಲಿ ಮುಳುಗಿಸಿ, ಗಂಟೆ ಹೊತ್ತು ನೀರಿನಲ್ಲಿ ತೊಳೆದರು. ಹೈಪೋ ಉಳಿದರೆ ವರ್ಷಗಳಲ್ಲಿ ಚಿತ್ರ ಹಳದಿಯಾಗುತ್ತದಂತೆ.

ನಿಮ್ಮ ಟ್ರಂಕಿನಲ್ಲೂ ಇಂಥ ನೆಗೆಟಿವ್‌ಗಳಿದ್ದರೆ ಎಸೆಯಬೇಡಿ. ಅಂಚು ಮಾತ್ರ ಹಿಡಿಯಿರಿ, ಕಾಗದದ ಕವರಿನಲ್ಲಿ ತೇವವಿಲ್ಲದ ಕಡೆ ಇಡಿ. ಹಿಂಬದಿಯಲ್ಲಿ ಅಲ್ಲ, ಕವರಿನ ಮೇಲೆ ಹೆಸರು ಬರೆಯಿರಿ. ಅವರದೇ ಹೆಸರು.

ಅಮ್ಮಿ ಫೋಟೋವನ್ನು ಕಿಟಕಿಯ ಬಳಿ ಒಯ್ದು ಬಹಳ ಹೊತ್ತು ನೋಡಿದರು. "ಇಷ್ಟು ಚಿಕ್ಕವರಿದ್ದರಾ?" ಎಂದರು. ಫೋಟೋದಲ್ಲಿ ನಾನಿಗೆ ನಲವತ್ತಾರು. ಸೆರಗಿನಿಂದ ಅಂಚನ್ನೊರೆಸಿ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟರು. ಮರುದಿನ ಫಜ್ರ್ ಆದ ಮೇಲೆ ಬೀರು ತೆರೆಯುವ ಸದ್ದು ಕೇಳಿಸಿತು.