ಹಿಮದೂರಿಗೆ ಹೊರಡುವ ಮುನ್ನ

ಗುಲ್ಮಾರ್ಗ್‌ಗೆ ಹೊರಟಿದ್ದೀರಾ? ಶ್ರೀನಗರದಿಂದ ಹೊರಟ ವಾಹನ ತಂಗ್‌ಮಾರ್ಗ್ ತಲುಪಿದೊಡನೆ ಕೋಟು, ಬೂಟು, ಕನ್ನಡಕದ ಅಂಗಡಿಯವರು ಮುತ್ತಿಕೊಳ್ಳುತ್ತಾರೆ. ಕೋಟು, ಬೂಟು ಬಾಡಿಗೆಗೆ ಪಡೆಯಿರಿ. ಕನ್ನಡಕಕ್ಕೆ ಮಾತ್ರ ಅವಸರ ಬೇಡ.

ನಾನು ಅವಸರಪಟ್ಟೆ. ಅಗ್ಗಕ್ಕೆ ಸಿಕ್ಕಿತೆಂದು ಮಗಳಿಗೆ ಕಡುಗಪ್ಪು ಕನ್ನಡಕ ಕೊಡಿಸಿದೆ. ದಿನವಿಡೀ ಹಿಮದಲ್ಲಿ ಆಡಿದಳು. ರಾತ್ರಿ ಕಣ್ಣಿಗೆ ಮರಳು ಬಿದ್ದಂಥ ಉರಿ, ದೀಪವನ್ನೇ ನೋಡಲಾರಳು. ಎರಡು ದಿನಕ್ಕೆ ವಾಸಿಯಾಯಿತು, ಅಲ್‌ಹಮ್ದುಲಿಲ್ಲಾಹ್.

ಹೊಸ ಹಿಮವು ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ಮರಳಿ ಎಸೆಯಬಲ್ಲದು. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಆ ಗಾಜು ಕಿರಣ ತಡೆಯದಿದ್ದರೆ ಬರಿಗಣ್ಣಿಗಿಂತಲೂ ಕೇಡು. ಆದ್ದರಿಂದ ಬಣ್ಣ ನೋಡಬೇಡಿ, ‘ಯುವಿ 400’ ಗುರುತು ನೋಡಿ. ಸ್ಟಿಕ್ಕರ್ ಯಾರೂ ಅಂಟಿಸಬಹುದು. ಊರಿನಲ್ಲೇ ಕೊಂಡು, ಪರೀಕ್ಷಿಸುವ ಯಂತ್ರವಿರುವ ಕನ್ನಡಕದಂಗಡಿಯಲ್ಲಿ ತೋರಿಸಿ.

ಉಳಿತಾಯ ಬೇಕೇ? ಹೊಳೆಯುವ ಕನ್ನಡಿ ಲೇಪ, ದೊಡ್ಡ ಕಂಪೆನಿಯ ಹೆಸರು ಬಿಟ್ಟುಬಿಡಿ. ಅವಿದ್ದ ಮಾತ್ರಕ್ಕೆ ನೇರಳಾತೀತ ಕಿರಣದಿಂದ ರಕ್ಷಣೆ ಸಿಗುತ್ತದೆ ಎಂದಲ್ಲ. ಎರಡು ಪದರದ ಗಾಜಿಗೆ ಮಾತ್ರ ಸ್ವಲ್ಪ ಹೆಚ್ಚು ಕೊಡಿ, ಬೇಗ ಮಂಜು ಕಟ್ಟುವುದಿಲ್ಲ. ನಿಕಾಬ್ ಧರಿಸುವವರ ಉಸಿರು ನೇರ ಮೇಲೇರುವುದರಿಂದ ಅವರಿಗಂತೂ ಇದು ಬೇಕೇ ಬೇಕು. ಕೊಳ್ಳುವಾಗ ಸ್ಕಾರ್ಫ್ ಮೇಲೆಯೇ ಪಟ್ಟಿ ಬಿಗಿದು ನೋಡಿ; ನುಣುಪು ಬಟ್ಟೆಯಾದರೆ ಜಾರುತ್ತದೆ, ಹತ್ತಿಯದು ನಿಲ್ಲುತ್ತದೆ.