ಚಂದ್ರಲೋಕಕ್ಕೆ ಎಮ್ಮೆದೊಡ್ಡಿಯ ದಾರಿ

ಖರ್ಚಿಲ್ಲದೆ ಆಗುವ ಕೆಲಸಗಳು ಲೋಕದಲ್ಲಿ ಹೆಚ್ಚಿಲ್ಲ. ಸಿನಿಮಾ ತೆಗೆಯುವುದಂತೂ ಅಂಥ ಕೆಲಸವಲ್ಲವೆಂದು ಎಲ್ಲರೂ ನಂಬಿದ್ದಾರೆ. ಅದರಲ್ಲಿಯೂ ಚಂದ್ರಲೋಕ, ಗ್ರಹಾಂತರ ಯಾತ್ರೆ, ಅಲ್ಲಿನ ವಿಚಿತ್ರ ಜೀವಿಗಳು ಎಂದರೆ ಕೋಟಿಗಟ್ಟಲೆ ರೂಪಾಯಿಯ ಮಾತು. ಹಾಗಿರುವಾಗ, ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಲ್ಲಿ, ಬಸ್ಸಿನ ಚಾರ್ಜಿಗೂ ಲೆಕ್ಕ ನೋಡುತ್ತಿದ್ದ ನಾವಿಬ್ಬರು ಗೆಳೆಯರು 2024ರ ಬೇಸಿಗೆಯಲ್ಲಿ ಚಂದ್ರನ ಮೇಲಿಳಿದು ಹಿಂದಿರುಗಿದೆವೆಂದರೆ ಓದುಗರು ನಗಬಹುದು. ನಗಲಿ, ನಮ್ಮೂರಿನವರೂ ನಕ್ಕರು.

ಈ ಸಾಹಸಕ್ಕೆ ಮೂಲಪುರುಷನೆಂದರೆ ಫ್ರಾನ್ಸ್ ದೇಶದ ಜಾರ್ಜ್ ಮೆಲಿಯೆ. ಆತ ಮೊದಲು ಇಂದ್ರಜಾಲದವನು; ಪ್ಯಾರಿಸಿನಲ್ಲಿ ಇಂದ್ರಜಾಲ ಪ್ರದರ್ಶನದ ರಂಗಮಂದಿರವೊಂದನ್ನು ನಡೆಸುತ್ತಿದ್ದವನು. 1902ರಲ್ಲಿ ಆತ ಚಂದ್ರಲೋಕದ ಪ್ರಯಾಣವನ್ನು ಕುರಿತು ಹದಿನಾಲ್ಕು ನಿಮಿಷಗಳಷ್ಟಿರುವ ಒಂದು ಮೂಕಿಚಿತ್ರವನ್ನು ತೆಗೆದ. ಪಂಡಿತರು ಕೆಲವರು ದೊಡ್ಡ ತೋಪಿನ ಗುಂಡಿನಂಥ ನೌಕೆಯೊಳಗೆ ಕುಳಿತು ಹಾರುತ್ತಾರೆ. ಅದು ನೇರವಾಗಿ ಹೋಗಿ ಚಂದ್ರನ ಕಣ್ಣಿಗೇ ನಾಟುತ್ತದೆ. ಚಂದ್ರಲೋಕದ ಜೀವಿಗಳನ್ನು ಅವರು ಕೊಡೆಯಿಂದ ಹೊಡೆದರೆ ಸಾಕು, ಆ ಜೀವಿಗಳು ಹೊಗೆಯಾಗಿ ಮಾಯವಾಗುತ್ತವೆ. ಕೊನೆಗೆ ನೌಕೆ ಭೂಮಿಯ ಸಮುದ್ರಕ್ಕೆ ಬಂದು ಬೀಳುತ್ತದೆ. ಮಾತಿಲ್ಲದ ಚಿತ್ರವಾದ್ದರಿಂದ ಎಮ್ಮೆದೊಡ್ಡಿಯಲ್ಲಿ ಅದು ಅರ್ಥವಾಗದಿರಲು ಕಾರಣವೇ ಇರಲಿಲ್ಲ. ಗಾಜು ಸೀಳು ಬಿಟ್ಟಿದ್ದ ಫೋನಿನಲ್ಲಿ ನನ್ನ ಗೆಳೆಯ ಅದನ್ನು ನಾಲ್ಕು ಸಲ ನೋಡಿ, "ಕೊಡೆ ನಮ್ಮನೇಲೂ ಇದೆ ಕಣೋ" ಎಂದ. ಚಿತ್ರ ತೆಗೆಯುವ ತೀರ್ಮಾನವಾದದ್ದು ಹೀಗೆ.

ತಾವು ಮೆಚ್ಚಿದ ಚಿತ್ರವನ್ನು ಅಭಿಮಾನಿಗಳು ಕೈಲಾದ ಮಟ್ಟಿಗೆ ತಾವೇ ಮತ್ತೆ ತೆಗೆದುಕೊಳ್ಳುವುದು ಹೊಸ ಸಂಗತಿಯೇನೂ ಅಲ್ಲ. ಅಮೆರಿಕದ ಮಿಸಿಸಿಪಿಯಲ್ಲಿ ಮೂವರು ಹುಡುಗರು ಇಂಥದೊಂದು ಚಿತ್ರವನ್ನು 1982ರಲ್ಲಿ ಆರಂಭಿಸಿ, ಒಂದೇ ಒಂದು ದೃಶ್ಯವನ್ನುಳಿದು 1989ರ ಹೊತ್ತಿಗೆ ಮುಗಿಸಿದರು. ವಿದ್ಯುತ್ ಮಗ್ಗಗಳ ಊರಾದ ಮಹಾರಾಷ್ಟ್ರದ ಮಾಲೇಗಾಂವಿನಲ್ಲಿ ಶೇಖ್ ನಾಸಿರ್ ಎಂಬುವರು ಮಗ್ಗದ ಕೆಲಸದವನೊಬ್ಬನನ್ನು ಹಸಿರು ಬಟ್ಟೆಯ ಮುಂದೆ ತೇಲಿಸಿ ಆಕಾಶದಲ್ಲಿ ಹಾರಿಸಿದರು. ಇವರ ಮುಂದೆ ನಮ್ಮದು ತೀರ ಸಣ್ಣ ಸಂಸಾರ. ಆದರೆ ನಮಗೆ ಏಳು ವರ್ಷಗಳ ಅವಕಾಶವಿರಲಿಲ್ಲ.

ಅದಕ್ಕೆ ಕಾರಣವನ್ನು ಹೇಳಬೇಕು. ನಮ್ಮೂರಿನ ಪಶ್ಚಿಮಕ್ಕೆ ನೋಡಿದರೆ ಬಾಬಾಬುಡನ್ ಗಿರಿಶ್ರೇಣಿ ಕಾಣುತ್ತದೆ. ಮುಂಗಾರಿನ ಮೋಡಗಳು ಆ ಬೆಟ್ಟದ ಆಚೆಗೆ ತಮ್ಮ ಭಾರವನ್ನೆಲ್ಲ ಇಳಿಸಿ, ಈಚೆಗೆ ಬರುವಾಗ ಬರಿಗೈಯವಾಗಿರುತ್ತವೆ. 2023ರಲ್ಲಿ ಆ ಮಳೆಯೂ ಕೈಕೊಟ್ಟು, ಸರ್ಕಾರ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮರುಬೇಸಿಗೆಯಲ್ಲಿ ಗೆಳೆಯನ ಮನೆಯ ಕೊಳವೆಬಾವಿ ನಿಂತಿತು. ಸಾಲ ಮಾಡಿ ಕೊರೆಸಿದ ಇನ್ನೊಂದರಲ್ಲಿ ಧೂಳು ಬಂತು, ನೀರು ಬರಲಿಲ್ಲ. ಅಡಿಕೆ ತೋಟಕ್ಕೆ ಟ್ಯಾಂಕರಿನ ನೀರು ಕೊಳ್ಳುವ ದಿನಗಳು ಬಂದಾಗ, ಗೆಳೆಯ ಬೆಂಗಳೂರಿಗೆ ಕೆಲಸಕ್ಕೆ ಹೋಗುವುದೆಂದು ಮನೆಯಲ್ಲಿ ಗೊತ್ತಾಯಿತು. ಹೊರಡಲು ಉಳಿದಿದ್ದದ್ದು ಹದಿನೆಂಟು ದಿನ.

ಮೆಲಿಯೆಯ ಪಂಡಿತರು ಕುತೂಹಲಕ್ಕೆ ಚಂದ್ರನಿಗೆ ಹೋದರೆ ನಮ್ಮ ಯಾತ್ರಿಕರು ನೀರಿಗೆ ಹೋಗುತ್ತಾರೆ. ಒಬ್ಬನ ಕೈಯಲ್ಲಿ ಕೊಡೆ, ಇನ್ನೊಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಕೊಡ. ಈ ಮಾರ್ಪಾಡು ಗೆಳೆಯನದು. ಅದು ಕೇವಲ ಹುಡುಗಾಟವೂ ಅಲ್ಲ. 2008ರಲ್ಲಿ ನಮ್ಮ ದೇಶ ಹಾರಿಸಿದ ಚಂದ್ರಯಾನ-1ರಲ್ಲಿದ್ದ ಉಪಕರಣವೊಂದು ಚಂದ್ರನ ನೆಲದಲ್ಲಿ ನೀರಿನ ಅಣುಗಳ ಸುಳಿವನ್ನು ಕಂಡುದಾಗಿ ಮರುವರ್ಷ ಪ್ರಕಟವಾಗಿತ್ತು. "ಅಲ್ಲಿದೆ ಅಂತ ಸರ್ಕಾರದವರೇ ಹೇಳಿದ ಮೇಲೆ ಹೋಗಿ ತರೋದಕ್ಕೇನು?" ಎಂದು ಅವನ ವಾದ.

ಸಾಮಗ್ರಿಯ ವಿಷಯದಲ್ಲಿ ನಮ್ಮ ಹೊಲಗದ್ದೆಗಳು ಯಾವ ಸ್ಟುಡಿಯೋಗೂ ಕಡಮೆಯಲ್ಲ. ತರಕಾರಿ ಮಡಿಗೆ ಹೊದಿಸುವ ಮಲ್ಚಿಂಗ್ ಶೀಟಿಗೆ ಒಂದು ಮಗ್ಗುಲು ಬೆಳ್ಳಿಯ ಬಣ್ಣ, ಇನ್ನೊಂದು ಮಗ್ಗುಲು ಕಪ್ಪು. ಬೆಳ್ಳಿಯ ಮಗ್ಗುಲು ವ್ಯೋಮಯಾತ್ರಿಯ ಉಡುಪಾಯಿತು. ಕಪ್ಪು ಮಗ್ಗುಲಿಗೆ ಸೂಜಿಯಿಂದ ತೂತು ಮಾಡಿ ಬಿಸಿಲಿಗೆ ಅಡ್ಡ ಹಿಡಿದರೆ ನಕ್ಷತ್ರ ತುಂಬಿದ ಆಕಾಶ. ಬೆನ್ನಿಗೆ ಔಷಧಿ ಹೊಡೆಯುವ ಪಂಪು, ಅದರಿಂದ ಮೂಗಿನವರೆಗೆ ಹನಿ ನೀರಾವರಿಯ ಕೊಳವೆ. ಚಂದ್ರಲೋಕದ ಜೀವಿಗಳಾಗಿ ಕೇರಿಯ ಮಕ್ಕಳು ಅಡಿಕೆ ಹಾಳೆಯ ಮುಖವಾಡ ತೊಟ್ಟು ಬಂದರು. ನೌಕೆಯೆಂದರೆ ನಮ್ಮ ಮನೆಯ ಉದ್ದನೆಯ ಸ್ಟೀಲ್ ಲೋಟ. ಬೋರಲು ಹಾಕಿ ತಲೆಯ ಮೇಲೆ ಆಲಿಕೆಯೊಂದನ್ನು ಕೂರಿಸಿದೆವು. ಚಂದ್ರನಾಗಿ ಅಭಿನಯಿಸಿದ್ದು ನಮ್ಮ ತಾಯಿ ತಟ್ಟಿದ ಅಕ್ಕಿರೊಟ್ಟಿ. ಹೆಂಚಿನ ಮೇಲೆ ಅಲ್ಲಲ್ಲಿ ಕಂದಿದ ಆ ರೊಟ್ಟಿ ಹುಣ್ಣಿಮೆಯ ಚಂದ್ರನನ್ನು ಎಷ್ಟು ಹೋಲುತ್ತಿತ್ತೆಂದರೆ, ದೃಶ್ಯ ಮುಗಿದ ಮೇಲೆ ಅದನ್ನು ತಿನ್ನಲು ಮನಸ್ಸಾಗಲಿಲ್ಲ. ಆದರೂ ತಿಂದೆವು.

ಮಾಯವಾಗುವ ವಿದ್ಯೆ ಮೆಲಿಯೆಯದೇ. ಕವೆಗೋಲೊಂದನ್ನು ನೆಟ್ಟು ಫೋನನ್ನು ಅಲ್ಲಾಡದಂತೆ ಕಟ್ಟಬೇಕು. ಕೊಡೆಯ ಪೆಟ್ಟು ಬೀಳುತ್ತಲೇ ಚಿತ್ರಣವನ್ನು ನಿಲ್ಲಿಸಿ, ಪೆಟ್ಟು ತಿಂದ ಮಗುವನ್ನು ಆಚೆಗೆ ಕಳುಹಿಸಿ, ಅದೇ ಸ್ಥಳದಲ್ಲಿ ಒಂದು ಹಿಡಿ ಬೂದಿಯೆರಚಿ ಮತ್ತೆ ಆರಂಭಿಸಬೇಕು. ಆ ನಡುವೆ ಉಳಿದವರೆಲ್ಲ ಕಲ್ಲಿನ ವಿಗ್ರಹಗಳಂತೆ ನಿಂತಿರಬೇಕು. ಮಕ್ಕಳು ನಿಂತರು, ಹಿಂದೆ ಮೇಯುತ್ತಿದ್ದ ಮೇಕೆ ನಿಲ್ಲಲಿಲ್ಲ. ನಮ್ಮ ಚಿತ್ರದಲ್ಲಿ ಪ್ರತಿಯೊಂದು ಜೀವಿ ಮಾಯವಾದಾಗಲೂ ಮೇಕೆಯೊಂದು ಹತ್ತು ಮಾರು ದೂರಕ್ಕೆ ಹಾರುತ್ತದೆ.

ಚಂದ್ರನ ಮೇಲಿನ ನಡಿಗೆಗೆ ಗೆಳೆಯ ಲೆಕ್ಕ ಹಾಕಿದ. ಅಲ್ಲಿ ಗುರುತ್ವಾಕರ್ಷಣೆ ಇಲ್ಲಿನ ಆರನೆಯ ಒಂದು ಭಾಗ. ಒಂದೇ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟಲು ಆರು ಪಟ್ಟು ಕಾಲ ಹಿಡಿಯುವುದಿಲ್ಲ, ಆರರ ವರ್ಗಮೂಲದಷ್ಟು, ಎಂದರೆ ಸುಮಾರು 2.45 ಪಟ್ಟು ಕಾಲ ಹಿಡಿಯುತ್ತದೆ. ಸೆಕೆಂಡಿಗೆ 60 ಚಿತ್ರಗಳಂತೆ ತೆಗೆದುದನ್ನು 24ರಂತೆ ತೋರಿಸಿದರೆ ಎಲ್ಲವೂ 2.5 ಪಟ್ಟು ನಿಧಾನವಾಗುತ್ತದೆ. ಇದಕ್ಕಿಂತ ಹತ್ತಿರದ ಹೊಂದಾಣಿಕೆ ಯಾರಿಗೆ ಬೇಕು? ಅವನು ಬದುವಿನ ಮೇಲಿಂದ ಹಾರಿದಾಗ ನಿಜವಾಗಿಯೂ ತೇಲಿದಂತೆ ಕಂಡಿತು. ಆದರೆ ಕಾಲಿನಿಂದ ಎದ್ದ ಧೂಳು ಗುಟ್ಟನ್ನು ಬಿಟ್ಟುಕೊಟ್ಟಿತು. ಚಂದ್ರನಲ್ಲಿ ಗಾಳಿಯಿಲ್ಲ, ಅಲ್ಲಿ ಚಿಮ್ಮಿದ ಧೂಳು ಕಲ್ಲಿನಂತೆ ನೇರವಾಗಿ ಕೆಳಗೆ ಬೀಳುತ್ತದೆ. ನಮ್ಮ ಧೂಳು ಮೋಡವಾಗಿ ನಿಂತೇಬಿಟ್ಟಿತು. ನೆಲಕ್ಕೆ ಒಂದೆರಡು ಕೊಡ ನೀರು ಚಿಮುಕಿಸೋಣವೆಂದು ನಾನು ಗೆಳೆಯನ ತಾಯಿಯನ್ನು ಕೇಳಿದೆ. ಆಕೆ ಸಿಟ್ಟಾಗಲಿಲ್ಲ. "ಚಂದ್ರನ ಮೇಲೆ ಚೆಲ್ಲೋದಕ್ಕೆ ನಮ್ಮನೇಲಿ ನೀರಿಲ್ಲ ಕಣಪ್ಪಾ" ಎಂದಷ್ಟೇ ಹೇಳಿದರು. ಗೆಳೆಯ ತಲೆ ತಗ್ಗಿಸಿ ಪಂಪಿನ ಪಟ್ಟಿಯನ್ನು ಬಿಗಿ ಮಾಡಿಕೊಂಡ. ಮರುದಿನ ನಾವು ಚಂದ್ರನನ್ನು ಗರಸು ನೆಲಕ್ಕೆ ಸಾಗಿಸಿದೆವು.

ಇಲ್ಲಿ ಒಂದು ಮಾತು. ಚಂದ್ರನ ನೆಲವನ್ನು ಭೂಮಿಯಲ್ಲಿ ಮಾಡಿದವರಲ್ಲಿ ನಾವೇ ಮೊದಲಿಗರಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಮೀಸಲಾಗಿದ್ದ ಅಮೃತಮಹಲ್ ಕಾವಲುಗಳು ನಮ್ಮ ಸೀಮೆಯಲ್ಲೂ ಇವೆ, ನೆರೆಯ ಚಿತ್ರದುರ್ಗದ ಚಳ್ಳಕೆರೆಯ ಕಡೆಯೂ ಇವೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಸಂಸ್ಥೆಯವರು 2016ರಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ವಿಮಾನದಲ್ಲಿ ಉಪಕರಣಗಳನ್ನಿಟ್ಟು ಅವುಗಳ ಮೇಲೆ ಹಾರಿಸಿ, ಚಂದ್ರಯಾನ-2ರ ಇಳಿಯುವ ನೌಕೆಗಾಗಿ ಪರೀಕ್ಷೆ ನಡೆಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಖವಾಗಿ ಇಳಿದಾಗ ನಮ್ಮಿಬ್ಬರಿಗೂ ಆ ಕಾವಲಿನ ನೆನಪೇ ಬಂದಿತ್ತು. ದನ ಮೇಯುವ ನೆಲ ಚಂದ್ರನಾಗಬಹುದೆಂದು ವಿಜ್ಞಾನಿಗಳೇ ಒಪ್ಪಿದ ಮೇಲೆ ನಮ್ಮ ಕೆಲಸಕ್ಕೆ ಒಂದು ಬಗೆಯ ಅಪ್ಪಣೆ ಸಿಕ್ಕಿದಂತಾಗಿತ್ತು. ಕೃಷ್ಣಮೃಗಗಳಿಗೆ ಮೀಸಲಾದ ನಮ್ಮ ತಾಲ್ಲೂಕಿನ ಬಾಸೂರು ಕಾವಲಿನ ಕಡೆಗೆ ಮಾತ್ರ ನಾವು ಹೋಗಲಿಲ್ಲ. ಅವಕ್ಕೆ ಅಡಿಕೆ ಹಾಳೆಯ ಮುಖಗಳನ್ನು ತೋರಿಸಿ ಹೆದರಿಸುವ ಹಕ್ಕು ನಮಗಿರಲಿಲ್ಲ.

ಉಳಿದದ್ದು ಸಮುದ್ರ. ಅದಕ್ಕೆ ಮದಗದ ಕೆರೆಯಲ್ಲದೆ ಬೇರೆ ಗತಿಯಿರಲಿಲ್ಲ. ಅವತಿ ಹೊಳೆಯ ನೀರು ನಿಲ್ಲುವ, ಜನಪದರ ಹಾಡಿನಲ್ಲಿ ಹೆಸರಾದ ಕೆರೆ ಅದು. ಗೆಳೆಯ ಹೊರಡುವ ಹಿಂದಿನ ದಿನ ಅವನ ತಂದೆಯೂ ಜೊತೆಗೆ ಬಂದರು. "ಎಷ್ಟು ದಿನ ಅಂತ ಚಂದ್ರನ ಮೇಲೇ ಇರ್ತೀರಪ್ಪಾ?" ಎಂದು ದಿನವೂ ಗೊಣಗುತ್ತಿದ್ದವರು ಅಂದು ಮಾತಾಡಲಿಲ್ಲ. ನೀರು ಹಿಂದೆ ಸರಿದು, ಅದರ ಅಂಚಿಗೆ ಹೋಗಲು ಬಿರಿದ ಎರೆಯ ಮೇಲೆ ಬಹಳ ದೂರ ನಡೆಯಬೇಕಾಗಿತ್ತು. ಅವರು ನಡುವೆ ನಿಂತು, ಹಿಂದೆ ನೀರು ಎಲ್ಲಿಯವರೆಗೆ ಇರುತ್ತಿತ್ತೆಂಬುದನ್ನು ಕೈಯೆತ್ತಿ ತೋರಿಸಿದರು. ಆ ಕೈ ಅವರ ತಲೆಗಿಂತ ಮೇಲಿತ್ತು. ನಾನು ಫೋನು ಹಿಡಿದೆ. ಗೆಳೆಯ ಲೋಟವನ್ನು ಆಕಾಶಕ್ಕೆಸೆದ. ಅದು ಬಿಸಿಲಿಗೆ ಒಮ್ಮೆ ಥಳಥಳಿಸಿ ನೀರಿಗೆ ಬಿತ್ತು. ಇಡೀ ಚಿತ್ರದಲ್ಲಿ ಇದಕ್ಕಿಂತ ಚೆಲುವಾದ ದೃಶ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಆ ರಾತ್ರಿ ಅಂಗಳದಲ್ಲಿ ಬಿಳಿಯ ಪಂಚೆ ಕಟ್ಟಿ, ಎರವಲು ತಂದ ಯಂತ್ರದಿಂದ ಹನ್ನೊಂದು ನಿಮಿಷಗಳ ಚಿತ್ರವನ್ನು ತೋರಿಸಿದೆವು. ಮೇಕೆಗೆ ಬಂದಷ್ಟು ಚಪ್ಪಾಳೆ ನಮಗೆ ಬರಲಿಲ್ಲ. ಎಲ್ಲ ಮುಗಿದ ಮೇಲೆ ಪಕ್ಕದ ಮನೆಯ ಅಜ್ಜಿ, "ಅಲ್ಲ ಮಗಾ, ಕೊಡ ಹಿಡ್ಕೊಂಡು ಹೋದ್ರಲ್ಲ, ನೀರು ಸಿಕ್ತಾ?" ಎಂದು ಕೇಳಿದರು. ಗೆಳೆಯ ಒಂದು ಕ್ಷಣ ನನ್ನ ಮುಖ ನೋಡಿ, "ಇಲ್ಲ ಅಜ್ಜಿ, ಅದಕ್ಕೇ ವಾಪಸ್ ಬಂದ್ವಿ" ಎಂದ. ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದ.

ಆ ವರ್ಷ ಮುಂಗಾರು ಚೆನ್ನಾಗಿ ಆಯಿತು. ಕೆರೆಗೆ ಹೊಸ ನೀರು ಬಂದ ಸುದ್ದಿ ತಿಳಿಸಲು ನಾನು ಫೋನು ಮಾಡಿದಾಗ, ತೋಟದಲ್ಲಿ ಎಷ್ಟು ಗಿಡ ಉಳಿದಿವೆಯೆಂದು ಅವನು ಮೊದಲು ಕೇಳಿದ. ಆಮೇಲೆ ನೌಕೆಯ ವಿಚಾರ ಕೇಳಿದ. ಅದು ಮದಗದ ಕೆರೆಯ ತಳದಲ್ಲಿದೆ. ಆರು ಲೋಟಗಳ ಜೊತೆಯಲ್ಲಿ ಒಂದು ಕಡಮೆಯಾಗಿರುವುದನ್ನು ನೆಂಟರು ಬಂದಾಗಲೆಲ್ಲ ನಮ್ಮ ತಾಯಿ ನನಗೆ ಜ್ಞಾಪಿಸುತ್ತಾರೆ.